ಬಲಮುರಿ ಅಲೆ, ಎಡಮುರಿ ಅಲೆ

ನಮ್ಮ ಮನೆಯ ದೇವರ ಕೋಣೆಯಲ್ಲಿ ಒಂದು ಶಂಖವಿತ್ತು. ಅದು ಎಡಮುರಿ ಶಂಖ. ಬಲಮುರಿಯದಾಗಿದ್ದರೆ ಮನೆತನದ ಸ್ಥಿತಿ ಹೀಗಿರುತ್ತಿರಲಿಲ್ಲವೆಂದು ನಮ್ಮ ಅಜ್ಜಿ ಆಗಾಗ ನಿಟ್ಟುಸಿರು ಬಿಡುತ್ತಿದ್ದರು. ಕಾಲೇಜು ಸೇರಿದ ಮೇಲೆ ಒಂದು ದಿನ ಅದನ್ನು ಪ್ರಾಣಿಶಾಸ್ತ್ರದ ಅಧ್ಯಾಪಕರೊಬ್ಬರಿಗೆ ಒಯ್ದು ತೋರಿಸಿದೆ. ಅವರು ಕೈಯಲ್ಲಿ ಹಿಡಿದು ನೋಡಿ, “ಇದು ಬಲಸುರುಳಿಯದೇ ಅಲ್ಲವೆ? ಎಡಮುರಿ ಎಂದವರಾರು?” ಎಂದರು. ಅಜ್ಜಿ ಹೇಳಿದ್ದೂ ಸುಳ್ಳಲ್ಲ, ಅಧ್ಯಾಪಕರು ಹೇಳಿದ್ದೂ ಸುಳ್ಳಲ್ಲ. ಪ್ರಾಣಿಶಾಸ್ತ್ರಜ್ಞರು ಶಂಖದ ಮೊನಚಾದ ಸುರುಳಿಯ ತುದಿಯನ್ನು ಮೇಲುಮಾಡಿ, ಬಾಯಿಯನ್ನು ತಮ್ಮ ಕಡೆಗೆ ಹಿಡಿದು ನೋಡುತ್ತಾರೆ. ನಮ್ಮ ಸಂಪ್ರದಾಯದವರು ತೀರ್ಥ ಸುರಿಯುವ ಮೂತಿಯನ್ನು ಮೇಲುಮಾಡಿ ನೋಡುತ್ತಾರೆ. ಅವರ ಬಲ ಇವರ ಎಡವಾಗುತ್ತದೆ. ನಾವು ಬಲಮುರಿಯೆಂದು ಪೂಜಿಸುವ ಅಪರೂಪದ ಶಂಖವು ವಿಜ್ಞಾನಿಗಳ ಪುಸ್ತಕದಲ್ಲಿ ಎಡಸುರುಳಿಯದೆಂದೇ ದಾಖಲಾಗಿದೆ.

ಶಂಖದ ವಿಷಯದಲ್ಲಿ ಈ ವ್ಯತ್ಯಾಸದಿಂದ ಯಾರಿಗೂ ನಷ್ಟವಿಲ್ಲ. ಆದರೆ ಇದೇ ಬಗೆಯ ಎಡ-ಬಲದ ಗೊಂದಲವೊಂದು 1962ನೆಯ ಇಸವಿಯ ಜುಲೈ ತಿಂಗಳ ಒಂದು ರಾತ್ರಿ ಒಂದು ದೇಶದ ದೂರದರ್ಶನದ ತೆರೆಯನ್ನೇ ಮಸಕುಮಾಡಿತು. ಆ ಕಥೆಯನ್ನು ಹೇಳಬೇಕೆಂದು ನಾನು ಇಲ್ಲಿ ಕುಳಿತಿದ್ದೇನೆ. ಆದರೆ ಅದಕ್ಕೆ ಮುಂಚೆ ರೇಡಿಯೋ ಅಲೆಗೆ ಎಡ-ಬಲವೆಂಬುದು ಹೇಗೆ ಬಂದಿತೆಂಬುದನ್ನು ತುಸು ವಿವರಿಸಬೇಕು.

ಹುಡುಗಿಯರು ಹಗ್ಗದಾಟ ಆಡುವುದನ್ನು ನೀವು ನೋಡಿದ್ದೀರಿ. ಹಗ್ಗದ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ ಇನ್ನೊಂದನ್ನು ಮೇಲೆ-ಕೆಳಗೆ ಅಲುಗಿಸಿದರೆ ಅಲೆಯು ನೆಟ್ಟಗೆ ನಿಂತು ಸಾಗುತ್ತದೆ. ಅಕ್ಕಪಕ್ಕಕ್ಕೆ ಅಲುಗಿಸಿದರೆ ಮಲಗಿಕೊಂಡು ಸಾಗುತ್ತದೆ. ಎರಡನ್ನೂ ಒಟ್ಟಿಗೆ ಮಾಡಿ, ಒಂದು ಇನ್ನೊಂದಕ್ಕಿಂತ ಕಾಲು ಆವರ್ತದಷ್ಟು ಹಿಂದೆ ಬೀಳುವಂತೆ ನೋಡಿಕೊಂಡರೆ ಕೈ ತಾನಾಗಿ ವೃತ್ತಾಕಾರವಾಗಿ ತಿರುಗತೊಡಗುತ್ತದೆ; ಹಗ್ಗದ ಅಲೆಯೂ ತಿರುಗುತ್ತ ಮುಂದುವರಿಯುತ್ತದೆ. ಬೆಳಕಿನ ಅಲೆಗೂ ರೇಡಿಯೋ ಅಲೆಗೂ ಇದೇ ನ್ಯಾಯ; ಅಲ್ಲಿ ಅಲುಗುವುದು ಹಗ್ಗವಲ್ಲ, ವಿದ್ಯುತ್ ಕ್ಷೇತ್ರ. ಮೊದಲಿನ ಎರಡು ಬಗೆಗೆ ರೇಖೀಯ ಧ್ರುವೀಕರಣವೆಂದೂ, ಮೂರನೆಯದಕ್ಕೆ ವರ್ತುಲ ಧ್ರುವೀಕರಣವೆಂದೂ ಹೆಸರು. ಬೆಳಕಿಗೆ ಸಂಬಂಧಿಸಿ ಈ ಹೆಸರುಗಳನ್ನು 1822ರಲ್ಲಿಯೇ ಇಟ್ಟವನು ಫ್ರಾನ್ಸಿನ ಫ್ರೆನೆಲ್. ರಸ್ತೆ, ಸೇತುವೆಗಳ ಇಲಾಖೆಯಲ್ಲಿ ಇಂಜಿನಿಯರಾಗಿದ್ದುಕೊಂಡೇ ಆತ ಬೆಳಕಿನ ಶಾಸ್ತ್ರವನ್ನು ಹೊಸದಾಗಿ ಕಟ್ಟಿದನೆಂಬುದು ನೆನೆಯತಕ್ಕ ಮಾತು.

ಇನ್ನು ಈ ಕಥೆ ನಮ್ಮ ದೇಶಕ್ಕೆ ಬರುತ್ತದೆ, ಮತ್ತು ಸೆಣಬಿನ ನಾರಿನ ಮೂಲಕ ಬರುತ್ತದೆ. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಜಗದೀಶಚಂದ್ರ ಬೋಸರು 1890ರ ದಶಕದ ನಡುವಿನಲ್ಲಿ ಕೆಲವು ಮಿಲಿಮೀಟರುಗಳಷ್ಟೇ ಉದ್ದದ ವಿದ್ಯುದಲೆಗಳನ್ನು ಹುಟ್ಟಿಸಿ ಪರೀಕ್ಷಿಸುತ್ತಿದ್ದರು. ಅನ್ಯರು ಮೈಲಿಗಟ್ಟಲೆ ದೂರಕ್ಕೆ ಸುದ್ದಿ ಕಳುಹಿಸಬೇಕೆಂದು ಉದ್ದುದ್ದದ ಅಲೆಗಳ ಬೆನ್ನುಹತ್ತಿದ್ದಾಗ ಇವರು ಗಿಡ್ಡ ಅಲೆಗಳನ್ನು ಆರಿಸಿಕೊಂಡದ್ದಕ್ಕೆ ಕಾರಣವಿತ್ತು: ಬೆಳಕು ಮಾಡುವುದನ್ನೆಲ್ಲ ವಿದ್ಯುದಲೆಯೂ ಮಾಡುತ್ತದೆಂದು ಮೇಜಿನ ಮೇಲೆಯೇ ತೋರಿಸುವುದು ಅವರ ಹಂಬಲ. ಅಲೆಯನ್ನು ಹೊರಡಿಸಲು ಲೋಹದ ಕೊಳವೆ, ಹಿಡಿಯಲು ತುತ್ತೂರಿಯ ಬಾಯಿಯಂತೆ ಅರಳಿದ ಆಲಿಕೆ. ಇಂದು ನಾವು ಹಾರ್ನ್ ಆಂಟೆನ್ನಾ ಎನ್ನುವುದು ಇದನ್ನೇ. ಪುಟಗಳ ನಡುವೆ ತವರದ ಹಾಳೆಗಳನ್ನು ಇಟ್ಟ ಒಂದು ಪುಸ್ತಕವೇ ಅವರಿಗೆ ಧ್ರುವೀಕಾರಕವಾಯಿತು. ಹೀಗೆ ಅಗ್ಗದ ಸಾಮಗ್ರಿಯಿಂದ ಹಿರಿಯ ಕೆಲಸ ಮಾಡುವ ಈ ಪರಿ ನನಗೆ ಬಹಳ ಪ್ರಿಯವಾದದ್ದು.

1898ರಲ್ಲಿ ಬೋಸರು ಲಂಡನ್ನಿನ ರಾಯಲ್ ಸೊಸೈಟಿಗೆ ಒಂದು ಪ್ರಬಂಧ ಕಳುಹಿಸಿದರು. ಸೆಣಬಿನ ನಾರಿನ ಕಟ್ಟುಗಳನ್ನು ಹಗ್ಗ ಹೊಸೆದಂತೆ ಹುರಿಮಾಡಿ ಅಲೆಯ ದಾರಿಯಲ್ಲಿಟ್ಟರೆ, ನೆಟ್ಟಗೆ ಬಂದ ಅಲೆಯು ತುಸು ವಾಲಿಕೊಂಡು ಹೊರಬೀಳುತ್ತದೆ. ಬಲಕ್ಕೆ ಹುರಿಮಾಡಿದ ಕಟ್ಟು ಒಂದು ಕಡೆಗೆ ವಾಲಿಸಿದರೆ, ಎಡಕ್ಕೆ ಹುರಿಮಾಡಿದ್ದು ಮತ್ತೊಂದು ಕಡೆಗೆ ವಾಲಿಸುತ್ತದೆ. ಹುರಿಯಿಲ್ಲದ ನಾರು ಏನನ್ನೂ ಮಾಡದು. ಸಕ್ಕರೆಯ ದ್ರಾವಣದಲ್ಲಿ ಬೆಳಕು ವಾಲುತ್ತದೆಂಬುದು ಆಗಲೇ ತಿಳಿದ ವಿಷಯ. ಆದರೆ ಅಲ್ಲಿನ ಅಣುಗಳನ್ನು ಕಣ್ಣಾರೆ ಕಂಡವರಿಲ್ಲ. ಆ ಅಣುಗಳೂ ಹೀಗೆಯೇ ಮುರಿಗೊಂಡಿರಬಹುದೆಂದು ಬೋಸರು ಸೆಣಬಿನಲ್ಲಿ ಮಾದರಿ ಕಟ್ಟಿ ತೋರಿಸಿದರು. ಅಲೆಗೂ ಮುರಿಗೂ ಇರುವ ನಂಟು ಸೂಕ್ಷ್ಮತರಂಗಗಳ ಲೋಕದಲ್ಲಿ ಹೀಗೆ ಪ್ರಥಮವಾಗಿ ಕೈಗೆ ಸಿಕ್ಕಿತು. ಬೋಸರು ಮುಂದೆ ಸಸ್ಯಗಳ ಕಡೆಗೆ ಹೊರಳಿದರು. ಸೂಕ್ಷ್ಮತರಂಗಗಳನ್ನೂ ಲೋಕವು ಕೆಲಕಾಲ ಮರೆತೇಬಿಟ್ಟಿತು.

ಅವು ಮರಳಿ ಬಂದದ್ದು ಕೊಳವೆಗಳ ಮೂಲಕ. ಪೊಳ್ಳು ಲೋಹದ ಕೊಳವೆಯಲ್ಲಿ ವಿದ್ಯುದಲೆಯು ಹರಿಯಬಲ್ಲುದೆಂದು ಇಂಗ್ಲೆಂಡಿನ ರೇಲಿ ಪ್ರಭುಗಳು 1897ರಲ್ಲಿಯೇ ಗಣಿತದಿಂದ ಸಾಧಿಸಿದ್ದರು. ಅದು ಪುಸ್ತಕದಲ್ಲಿಯೇ ಉಳಿದು, 1936ರಲ್ಲಿ ಅಮೆರಿಕದ ಸೌತ್‌ವರ್ತ್ ಮತ್ತು ಬ್ಯಾರೋ ಎಂಬಿಬ್ಬರು, ಒಬ್ಬರಿಗೊಬ್ಬರು ತಿಳಿಯದೆಯೇ, ಅದನ್ನು ಪ್ರಯೋಗದಲ್ಲಿ ತೋರಿಸಿದರು. ಇದೇ ವೇವ್‌ಗೈಡ್. ಕೊಳವೆಯೊಳಗೆ ಅಲೆಯು ಮನಬಂದಂತೆ ಹರಿಯಲಾರದು. ಅದಕ್ಕೆ ಕೆಲವೇ ಕೆಲವು ವಿನ್ಯಾಸಗಳು ಮಾತ್ರ ಸಾಧ್ಯ. ಮೃದಂಗದ ಚರ್ಮವು ಹೇಗೆ ಹೇಗೆ ಬೇಕೋ ಹಾಗೆ ಕಂಪಿಸದೆ ಕೆಲವು ನಿಯತ ರೀತಿಗಳಲ್ಲಿ ಮಾತ್ರ ಕಂಪಿಸುವುದಿಲ್ಲವೆ, ಹಾಗೆ. ಮೃದಂಗದ ಈ ಕಂಪನಗಳನ್ನು ಸಿ.ವಿ. ರಾಮನ್ನರು ಬೆಂಗಳೂರಿನಲ್ಲಿದ್ದಾಗ, 1934ರ ಸುಮಾರಿಗೆ, ವಿವರವಾಗಿ ಬರೆದರು. ದುಂಡುಚರ್ಮದ ಕಂಪನಕ್ಕೆ ಬೇಕಾಗುವ ಗಣಿತವೂ ದುಂಡುಕೊಳವೆಯ ಅಲೆಗೆ ಬೇಕಾಗುವ ಗಣಿತವೂ ಮೂಲದಲ್ಲಿ ಒಂದೇ. ಈ ವಿನ್ಯಾಸಗಳನ್ನು ಇಂಜಿನಿಯರುಗಳು ‘ಮೋಡ್’ ಎನ್ನುತ್ತಾರೆ.

ಸಾಮಾನ್ಯವಾಗಿ ಯಂತ್ರದಿಂದ ಅಲೆಯು ಹೊರಡುವುದು ಚೌಕಟ್ಟಿನಾಕಾರದ ಕೊಳವೆಯಲ್ಲಿ. ಅಲ್ಲಿ ಅದು ನೆಟ್ಟಗೆ ನಿಂತ ಅಲೆ. ಅದನ್ನು ತಿರುಗುವ ಅಲೆಯಾಗಿ ಮಾಡಬೇಕಾದರೆ ಮೊದಲು ಚೌಕಟ್ಟಿನ ಕೊಳವೆಯನ್ನು ನಿಧಾನವಾಗಿ ದುಂಡಾಗಿಸಬೇಕು. ಒಮ್ಮೆಗೇ ದುಂಡಾಗಿಸಿದರೆ ಅಲೆಯು ಮುಗ್ಗರಿಸಿ ಹಿಂದಕ್ಕೆ ಬರುತ್ತದೆ, ಇಲ್ಲವೆ ಬೇಡದ ಮೋಡುಗಳಾಗಿ ಚದುರುತ್ತದೆ. ಇದು ಮೋಡ್ ಪರಿವರ್ತಕದ ಕೆಲಸ. ಬಳಿಕ ದುಂಡುಕೊಳವೆಯೊಳಗೆ ಪ್ಲಾಸ್ಟಿಕ್ಕಿನಂಥ ವಸ್ತುವಿನ ಒಂದು ಹಲಗೆಯನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸುತ್ತಾರೆ. ಬಂದ ಅಲೆಯನ್ನು ಎರಡು ಪಾಲೆಂದು ಭಾವಿಸಿ: ಒಂದು ಹಲಗೆಯ ಗುಂಟ, ಇನ್ನೊಂದು ಅದಕ್ಕೆ ಅಡ್ಡಲಾಗಿ. ಹಲಗೆಯ ಗುಂಟ ಹೋಗುವ ಪಾಲು ನಿಧಾನವಾಗುತ್ತದೆ. ಹಲಗೆಯ ಉದ್ದವನ್ನು ಸರಿಯಾಗಿ ಆಯ್ದರೆ ಅದು ಕಾಲು ಆವರ್ತದಷ್ಟು ಹಿಂದೆ ಬೀಳುತ್ತದೆ; ಹಗ್ಗದಾಟದ ಕೈ ತಿರುಗತೊಡಗುತ್ತದೆ! ಹಲಗೆಯನ್ನು ಈ ಓರೆಯಿಂದ ಆ ಓರೆಗೆ ಹೊರಳಿಸಿದಿರೋ, ಅಲೆಯ ಮುರಿಯೂ ಬದಲಾಗುತ್ತದೆ. ಬಲಮುರಿ ಎಡಮುರಿಯಾಗುವುದಕ್ಕೆ ಒಂದು ಸಣ್ಣ ಭಾಗವು ಅಡ್ಡಾದಿಡ್ಡಿಯಾಗಿ ಕುಳಿತರೆ ಸಾಕೆಂಬ ಈ ಮಾತನ್ನು ನೆನಪಿನಲ್ಲಿಡಿ.

ತಿರುಗುವ ಅಲೆಯನ್ನು ಇದಕ್ಕಿಂತ ಸರಳವಾಗಿ ಹುಟ್ಟಿಸುವ ದಾರಿಯೊಂದು 1946ರಲ್ಲಿ ಸಿಕ್ಕಿತು. ಅಮೆರಿಕದ ಓಹಾಯೋ ರಾಜ್ಯ ವಿಶ್ವವಿದ್ಯಾಲಯಕ್ಕೆ ಟ್ರಾವೆಲಿಂಗ್ ವೇವ್ ಟ್ಯೂಬ್ ಎಂಬ ಹೊಸ ನಳಿಕೆಯ ವಿಷಯವಾಗಿ ಉಪನ್ಯಾಸ ಮಾಡಲು ಅತಿಥಿಯೊಬ್ಬರು ಬಂದಿದ್ದರು. ಈ ನಳಿಕೆಯೊಳಗೆ ತಂತಿಯ ಸುರುಳಿಯೊಂದಿದ್ದು, ಅಲೆಯು ಅದರ ಗುಂಟ ಸುತ್ತಿಕೊಂಡು ಹೋಗುತ್ತ ಬಲಗೊಳ್ಳುತ್ತದೆ. ಇದನ್ನು ಯುದ್ಧಕಾಲದಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಕಂಡುಹಿಡಿದವನು ರುಡಾಲ್ಫ್ ಕಾಂಫ್ನರ್, ಓದಿನಿಂದ ಮನೆಕಟ್ಟುವ ವಾಸ್ತುಶಿಲ್ಪಿ! ಉಪನ್ಯಾಸ ಮುಗಿದ ಮೇಲೆ ಜಾನ್ ಕ್ರೌಸ್ ಎಂಬ ಅಧ್ಯಾಪಕರು, ಈ ಸುರುಳಿಯನ್ನು ಆಂಟೆನ್ನಾ ಆಗಿ ಬಳಸಬಹುದೆ ಎಂದು ಅತಿಥಿಯನ್ನು ಕೇಳಿದರು. ತಾನು ಮಾಡಿ ನೋಡಿದ್ದೇನೆ, ಅದು ಆಗದ ಕೆಲಸ ಎಂಬ ಉತ್ತರ ಬಂದಿತು. ಅಷ್ಟು ಖಂಡಿತವಾಗಿ ಹೇಳಿದ್ದೇ ಕ್ರೌಸರನ್ನು ಕೆಣಕಿತು. ಅತಿಥಿಯ ಸುರುಳಿ ಬಹಳ ಸಣ್ಣದಾಗಿದ್ದಿರಬೇಕು. ಸುತ್ತಳತೆಯನ್ನು ಅಲೆಯ ಉದ್ದದಷ್ಟೇ ಮಾಡಿದರೆ? ಅಂದು ಸಂಜೆ ಮನೆಯ ನೆಲಮಾಳಿಗೆಯಲ್ಲಿ 12 ಸೆಂಟಿಮೀಟರ್ ಸುತ್ತಳತೆಯ ಏಳು ಸುತ್ತಿನ ಸುರುಳಿಯೊಂದನ್ನು ಸುತ್ತಿ, 12 ಸೆಂಟಿಮೀಟರ್ ಉದ್ದದ ಅಲೆಯನ್ನು ಅದಕ್ಕೆ ಉಣಿಸಿದರು. ಸುರುಳಿಯ ತುದಿಯಿಂದ ಅಲೆಯು ಟಾರ್ಚಿನ ಬೆಳಕಿನಂತೆ ನೇರವಾಗಿ ಹೊಮ್ಮಿತು. ಮೇಲಾಗಿ ಅದು ತಿರುಗುವ ಅಲೆ. ಬಲಕ್ಕೆ ಸುತ್ತಿದ ಸುರುಳಿಯಿಂದ ಬಲಮುರಿ ಅಲೆ, ಎಡಕ್ಕೆ ಸುತ್ತಿದ್ದರಿಂದ ಎಡಮುರಿ ಅಲೆ. ಮುಂದೆ ಉಪಗ್ರಹಗಳ ಮೇಲೂ ಭೂಕೇಂದ್ರಗಳಲ್ಲೂ ಈ ಸುರುಳಿಗಳು ತುಂಬಿಕೊಂಡವು.

ಉಪಗ್ರಹಗಳಿಗೆ ತಿರುಗುವ ಅಲೆಯ ಮೇಲೆ ಇಷ್ಟು ಒಲವೇಕೆ? ನೆಟ್ಟಗೆ ನಿಂತ ಅಲೆಯನ್ನು ಹಿಡಿಯಬೇಕಾದರೆ ಆಂಟೆನ್ನಾವೂ ನೆಟ್ಟಗೇ ನಿಂತಿರಬೇಕು. ಉಪಗ್ರಹವಾದರೋ ಆಕಾಶದಲ್ಲಿ ಸಾಗುತ್ತಿರುವಾಗ ನಮಗೆ ಒಮ್ಮೆ ಒಂದು ಓರೆಯಲ್ಲಿ, ಇನ್ನೊಮ್ಮೆ ಮತ್ತೊಂದು ಓರೆಯಲ್ಲಿ ಕಾಣಿಸುತ್ತದೆ. ಸಾಲದ್ದಕ್ಕೆ ಭೂಮಿಯ ಮೇಲಿನ ಅಯಾನುಗೋಲವು ತನ್ನ ಮೂಲಕ ಹಾಯುವ ಅಲೆಯನ್ನು ಬೋಸರ ಸೆಣಬಿನಂತೆ ವಾಲಿಸಿಬಿಡುತ್ತದೆ. ಎಷ್ಟು ವಾಲಿಸೀತೆಂಬುದು ಹೊತ್ತು ಹೊತ್ತಿಗೆ ಬೇರೆ. ತಿರುಗುವ ಅಲೆಗೆ ಈ ಓರೆಕೋರೆಗಳ ಬಾಧೆಯಿಲ್ಲ. ಅದಕ್ಕೆ ಒಂದೇ ಷರತ್ತು: ಕಳುಹಿಸುವವನೂ ಹಿಡಿಯುವವನೂ ಒಂದೇ ಮುರಿಯವರಾಗಿರಬೇಕು. ಬಲಮುರಿ ಅಲೆಯನ್ನು ಎಡಮುರಿ ಆಂಟೆನ್ನಾ ಹಿಡಿಯಲಾರದು.

ಈಗ ಆ ರಾತ್ರಿಯ ಮಾತು. 1962ರ ಜುಲೈ 10ರಂದು ಅಮೆರಿಕದ ಕೇಪ್ ಕೆನವೆರಲ್‌ನಿಂದ ಟೆಲ್‌ಸ್ಟಾರ್ ಎಂಬ ಉಪಗ್ರಹ ಮೇಲೇರಿತು. ಗಾತ್ರದಲ್ಲಿ ಮೂರಡಿಗಿಂತ ಕಡಿಮೆ ವ್ಯಾಸದ ಗುಂಡು; ತೂಕ 77 ಕಿಲೋಗ್ರಾಂ. ಅದರ ಸೊಂಟದ ಸುತ್ತ ಡಾಬಿನಂತೆ ಎರಡು ಸಾಲು ಕಿಂಡಿಗಳು: ಭೂಮಿಯಿಂದ ಬರುವ ಅಲೆಯನ್ನು ಹಿಡಿಯಲು 72, ಮರಳಿ ಕಳುಹಿಸಲು 48. ಬಂದದ್ದೂ ಹೋಗುವುದೂ ತಿರುಗುವ ಅಲೆಯೇ. ಒಳಗೆ ಅಲೆಗೆ ಬಲ ತುಂಬುತ್ತಿದ್ದುದು ಕಾಂಫ್ನರನ ನಳಿಕೆ. ಅದು ಹೊರಗೆ ಹರಿಯಬಿಡುತ್ತಿದ್ದ ಶಕ್ತಿ ಸುಮಾರು 2 ವಾಟ್, ನಮ್ಮ ದೇವರ ಕೋಣೆಯ ಜೀರೋ ಬಲ್ಬಿಗಿಂತಲೂ ಬಹಳ ಕಡಿಮೆ. ಸಾವಿರಾರು ಕಿಲೋಮೀಟರ್ ಆಚೆಯಿಂದ ಬರುವ ಆ ಕ್ಷೀಣ ಅಲೆಯನ್ನು ಹಿಡಿಯಲು ಭೂಮಿಯ ಮೇಲೆ ಮೂರು ಮಹಾಕಾಯಗಳು ಕಾದಿದ್ದವು. ಅಮೆರಿಕದ ಆ್ಯಂಡೋವರ್ ಎಂಬಲ್ಲಿ 177 ಅಡಿ ಉದ್ದದ ಕಹಳೆ. ಫ್ರಾನ್ಸಿನ ಪ್ಲ್ಯೂಮರ್-ಬೊದು ಎಂಬ ಹಳ್ಳಿಯಲ್ಲಿ ಅದರದೇ ಅವಳಿ, ಅಮೆರಿಕದ ನಕ್ಷೆಯಂತೆಯೇ ಕಟ್ಟಿದ್ದು. ಇಂಗ್ಲೆಂಡಿನ ನೈರುತ್ಯದ ಮೂಲೆಯ ಗೂನ್‌ಹಿಲ್ಲಿಯಲ್ಲಿ 85 ಅಡಿ ವ್ಯಾಸದ ತೆರೆದ ಬೋಗುಣಿ. ಬ್ರಿಟಿಷರು ಅನ್ಯರ ನಕ್ಷೆಯನ್ನು ತೆಗೆದುಕೊಳ್ಳದೆ ತಮ್ಮದೇ ವಿನ್ಯಾಸದಲ್ಲಿ ಅದನ್ನು ನಿರ್ಮಿಸಿದ್ದರು, ಮತ್ತು ಅದರ ವಿಷಯವಾಗಿ ಅವರಿಗೆ ಸಹಜವಾದ ಅಭಿಮಾನವಿತ್ತು.

ಎರಡು ತೀರಗಳಿಗೂ ಟೆಲ್‌ಸ್ಟಾರ್ ಒಟ್ಟಿಗೆ ಕಾಣಿಸುತ್ತಿದ್ದುದು ಒಂದು ಸುತ್ತಿನಲ್ಲಿ ಇಪ್ಪತ್ತು ನಿಮಿಷದ ಆಸುಪಾಸು. ಇಂಗ್ಲೆಂಡಿನಲ್ಲಿ ಆಗ ನಡುರಾತ್ರಿ ಕಳೆದು ಒಂದು ಗಂಟೆಯ ಸಮಯ. ಜನ ನಿದ್ದೆಗೆಟ್ಟು ದೂರದರ್ಶನದ ಮುಂದೆ ಕುಳಿತಿದ್ದರು. ಆ್ಯಂಡೋವರ್‌ನಿಂದ ಚಿತ್ರ ಹೊರಟಿತು: ಅಲ್ಲಿ ಹಾರಾಡುತ್ತಿದ್ದ ಅಮೆರಿಕದ ಬಾವುಟ. ಫ್ರಾನ್ಸಿನಲ್ಲಿ ಅದು ಸ್ಪಷ್ಟವಾಗಿ ಮೂಡಿತು. ಗೂನ್‌ಹಿಲ್ಲಿಯ ತೆರೆಯ ಮೇಲೆ ಮಾತ್ರ ಗೆರೆ, ಚುಕ್ಕೆ, ಮಂಜು. ನಡುವೆ ಒಂದು ಗಳಿಗೆ ಮನುಷ್ಯನ ಮುಖದಂಥದೇನೋ ತೇಲಿಬಂದು ಕರಗಿತು. ಬೋಗುಣಿಯು ಉಪಗ್ರಹವನ್ನು ಬಿಡದೆ ಹಿಂಬಾಲಿಸುತ್ತಿತ್ತು. ಆದರೂ ಅಲೆಯು ಒಳಗೆ ಬರಲೊಲ್ಲದು. ಉಪಗ್ರಹ ದಿಗಂತದ ಕೆಳಗೆ ಇಳಿದುಹೋಯಿತು.

ಪರೀಕ್ಷಿಸಿ ನೋಡಿದಾಗ ಸಿಕ್ಕ ದೋಷವು ಅತ್ಯಲ್ಪ. ಬೋಗುಣಿಯ ನಾಭಿಯಲ್ಲಿದ್ದ ಅಲೆಹಿಡಿಯುವ ಭಾಗವು ವಿರುದ್ಧ ಮುರಿಗೆ ಜೋಡಣೆಯಾಗಿತ್ತು. ಉಪಗ್ರಹ ಒಂದು ಕೈಯಿಂದ ನೀಡುತ್ತಿತ್ತು. ಭೂಕೇಂದ್ರ ಇನ್ನೊಂದು ಕೈಯನ್ನು ಚಾಚಿತ್ತು. ಸಿದ್ಧಾಂತದಂತೆ ಅಲ್ಲಿ ಏನೂ ಕಾಣಿಸಬಾರದಾಗಿತ್ತು. ಯಾವ ಆಂಟೆನ್ನಾವೂ ಪರಿಪೂರ್ಣವಲ್ಲದ್ದರಿಂದ ಅಷ್ಟು ಮಸುಕು ಚಿತ್ರವಾದರೂ ಸೋಸಿಬಂದಿತು.

ಇದನ್ನು ಅಜಾಗರೂಕತೆ ಎಂದು ತಳ್ಳಿಹಾಕುವುದು ಸುಲಭ. ನನಗೆ ಹಾಗೆನ್ನಿಸುವುದಿಲ್ಲ. ತಿರುಗುತ್ತಿರುವ ಫ್ಯಾನನ್ನು ಕೆಳಗೆ ಮಲಗಿ ನೋಡಿದವನಿಗೆ ಅದು ಒಂದು ದಿಕ್ಕಿಗೆ ತಿರುಗುತ್ತಿದ್ದರೆ, ಅಟ್ಟದ ಕಿಂಡಿಯಿಂದ ನೋಡಿದವನಿಗೆ ಅದರ ವಿರುದ್ಧ ದಿಕ್ಕಿಗೆ. ಫ್ರೆನೆಲ್‌ನ ಕಾಲದಿಂದ ಬೆಳಕಿನ ಶಾಸ್ತ್ರಜ್ಞರು ಬೆಳಕಿಗೆ ಎದುರಾಗಿ ನಿಂತು ನೋಡುತ್ತ ಬಂದವರು. ಬೆಳಕನ್ನು ನೋಡುವುದೆಂದರೆ ಹಾಗೆಯೇ ತಾನೆ? ಎದುರು ನಿಂತಾಗ ಗಡಿಯಾರದ ಮುಳ್ಳಿನಂತೆ ತಿರುಗಿದ್ದು ಅವರಿಗೆ ಬಲ. ರೇಡಿಯೋ ಇಂಜಿನಿಯರಾದರೋ ಅಲೆಯನ್ನು ಕಳುಹಿಸುವವನು. ಅವನು ಆಂಟೆನ್ನಾದ ಬೆನ್ನ ಹಿಂದೆ ನಿಂತು, ಅಲೆ ಹೋಗುವ ದಿಕ್ಕಿಗೇ ನೋಡುತ್ತಾನೆ. ಅಮೆರಿಕದ ರೇಡಿಯೋ ಇಂಜಿನಿಯರುಗಳ ಸಂಸ್ಥೆಯು 1942ರಲ್ಲಿ ಹೀಗೆ ನೋಡಿಯೇ ಎಡ-ಬಲಗಳನ್ನು ನಿರ್ಣಯಿಸಿತು. ಇವರ ಬಲ ಅವರ ಎಡ. ಎರಡು ಶಾಸ್ತ್ರಗಳೂ ತಮ್ಮ ತಮ್ಮ ಪಾಡಿಗೆ ಇದ್ದಷ್ಟು ದಿನ ತೊಂದರೆಯಿರಲಿಲ್ಲ. ಸಾಗರದ ಆಚೆಯವರು ಬರೆದದ್ದನ್ನು ಈಚೆಯವರು ಓದಿ ಕೊಳವೆಯೊಳಗಿನ ಒಂದು ಭಾಗವನ್ನು ಜೋಡಿಸಬೇಕಾಗಿ ಬಂದಾಗ, ಮಾತಿನ ಎರಡರ್ಥ ಲೋಹದಲ್ಲಿ ಮೂಡಿತು. ಫ್ರೆಂಚರು ಹೆಚ್ಚು ಎಚ್ಚರದವರೆಂದಲ್ಲ. ಅವರ ಯಂತ್ರವೇ ಅಮೆರಿಕದ್ದಾದುದರಿಂದ ಮಾತಿನ ಹಂಗು ಅವರಿಗೆ ಬೀಳಲಿಲ್ಲ. ಸ್ವಂತ ಬುದ್ಧಿಯಿಂದ ಕಟ್ಟಿದವರಿಗೇ ಇಲ್ಲಿ ಪೆಟ್ಟು ಬಿದ್ದದ್ದು ನನಗೆ ಯಾವಾಗಲೂ ಸ್ವಲ್ಪ ಅನ್ಯಾಯವಾಗಿ ತೋರುತ್ತದೆ.

ದೋಷವನ್ನು ಒಂದೇ ದಿನದಲ್ಲಿ ಸರಿಪಡಿಸಿದರು. ಜುಲೈ 11ರ ರಾತ್ರಿಯ ಸುತ್ತಿನಲ್ಲಿ ಗೂನ್‌ಹಿಲ್ಲಿಯಿಂದ ಹೊರಟ ಚಿತ್ರ ಅಮೆರಿಕವನ್ನು ಚೆನ್ನಾಗಿಯೇ ತಲುಪಿತು. ಆ ಬೋಗುಣಿ ಅನಂತರ ದಶಕಗಳ ಕಾಲ ದುಡಿಯಿತು. ಟೆಲ್‌ಸ್ಟಾರ್ ಮಾತ್ರ ಅಲ್ಪಾಯುಷಿ. ಮೇಲಿನ ವಿಕಿರಣಕ್ಕೆ ಸಿಕ್ಕಿ 1963ರ ಫೆಬ್ರವರಿಯಲ್ಲಿ ಮೂಕವಾಯಿತು.

ನಮ್ಮ ನಾಡಿನಲ್ಲಿ ಈ ವಿದ್ಯೆಯು ಬೇರೂರಿದ್ದು ಹೆಚ್ಚಾಗಿ ಒಂದು ದಂಪತಿಯ ಶ್ರಮದಿಂದ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿದ ರಾಜೇಶ್ವರಿ ಎಂಬ ತರುಣಿ 1943ರಲ್ಲಿ, ಜನ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಮಂದಿರವನ್ನು ಸೇರಿದರು. 1947ರಲ್ಲಿ ಅಮೆರಿಕಕ್ಕೆ ತೆರಳಿ, ಮಿಷಿಗನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು, 1953ರಲ್ಲಿ ಅಧ್ಯಾಪಕಿಯಾಗಿ ಹಿಂದಿರುಗಿದರು. ಅಲ್ಲಿಯೇ ಅಧ್ಯಾಪಕರಾಗಿದ್ದ ಶಿಶಿರ್ ಕುಮಾರ್ ಚಟರ್ಜಿಯವರನ್ನು ಮದುವೆಯಾದರು. ಇಬ್ಬರೂ ಸೇರಿ ಸೂಕ್ಷ್ಮತರಂಗಗಳ ಸಂಶೋಧನಾಲಯವನ್ನು ಕಟ್ಟಿದರು. ರಾಜೇಶ್ವರಿ ಚಟರ್ಜಿಯವರ ಕೈಯಲ್ಲಿ ಇಪ್ಪತ್ತರಷ್ಟು ವಿದ್ಯಾರ್ಥಿಗಳು ಡಾಕ್ಟರೇಟ್ ಪಡೆದರು. ಆಂಟೆನ್ನಾಗಳ ಮೇಲೆ ಅವರು ಬರೆದ ಪುಸ್ತಕಗಳು ಇಂಜಿನಿಯರಿಂಗ್ ಕಾಲೇಜುಗಳ ಕಪಾಟುಗಳಲ್ಲಿ ಇಂದಿಗೂ ಸಿಗುತ್ತವೆ. ಕರ್ನಾಟಕದ ಪ್ರಥಮ ಮಹಿಳಾ ಇಂಜಿನಿಯರ್ ಎಂದು ಹೆಸರಾದ ಅವರು 2010ರಲ್ಲಿ ತೀರಿಕೊಂಡರು.

ಉಪಗ್ರಹದ ಅಲೆ ನಮ್ಮ ಹಳ್ಳಿಗಳಿಗೇ ಇಳಿದದ್ದು 1975ರ ಆಗಸ್ಟ್ 1ರಂದು. ಅಮೆರಿಕದಿಂದ ಒಂದು ವರ್ಷದ ಮಟ್ಟಿಗೆ ಎರವಲು ಪಡೆದ ಉಪಗ್ರಹದ ಮೂಲಕ ಆರು ರಾಜ್ಯಗಳ 2400 ಹಳ್ಳಿಗಳಿಗೆ ದೂರದರ್ಶನ ಬಂದಿತು. ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿದ್ದವು. ಕೋಳಿಗೂಡಿಗೆ ಬಳಸುವಂಥ ತಂತಿಬಲೆಯಿಂದ ಮಾಡಿದ 3 ಮೀಟರ್ ಅಗಲದ ಬೋಗುಣಿ ಶಾಲೆಯ ಪಕ್ಕದಲ್ಲಿ ಆಕಾಶ ನೋಡುತ್ತ ನಿಂತಿತು. ಅಲ್ಲಿ ಬಳಸಿದ್ದು 860 ಮೆಗಾಹರ್ಟ್ಸ್‌ನ ಅಲೆ. ಅಯಾನುಗೋಲವು ಚೆನ್ನಾಗಿಯೇ ವಾಲಿಸಬಲ್ಲಂಥದು. ತಿರುಗುವ ಅಲೆಯ ಗುಣ ಹೆಚ್ಚು ತಿಳಿಯುವುದು ಇಂಥಲ್ಲಿ.

ನಾನು ಈ ವಿದ್ಯೆಯನ್ನು ಕಲಿತದ್ದು ಆ ವರ್ಷಗಳಲ್ಲಿಯೇ, ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ. ನಾವಿಬ್ಬರು ಗೆಳೆಯರು ಕ್ರೌಸರ ಸುರುಳಿಯನ್ನು ಮಾಡಿ ನೋಡಬೇಕೆಂದು ಹೊರಟೆವು. ನಮ್ಮ ಪ್ರಯೋಗಾಲಯದಲ್ಲಿದ್ದುದು 3 ಸೆಂಟಿಮೀಟರ್ ಅಲೆ. ಆದ್ದರಿಂದ ಸುರುಳಿ ಬಹು ಚಿಕ್ಕದು, ದಪ್ಪ ಪೆನ್ಸಿಲ್ಲಿನ ಮೇಲೆ ತಾಮ್ರದ ತಂತಿ ಸುತ್ತಿದರೆ ಆಯಿತು. ಕಳುಹಿಸಲು ಒಂದನ್ನು ನಾನು ಸುತ್ತಿದೆ, ಹಿಡಿಯಲು ಇನ್ನೊಂದನ್ನು ಅವನು. ಎದುರುಬದುರು ನಿಲ್ಲಿಸಿದೆವು. ಮೀಟರಿನ ಮುಳ್ಳು ಅಲುಗಲಿಲ್ಲ. ಮಧ್ಯಾಹ್ನವೆಲ್ಲ ಬೆಸುಗೆ ಬಿಚ್ಚಿ ಹಾಕಿದೆವು, ಯಂತ್ರವನ್ನು ಬೈದೆವು. ಕೊನೆಗೆ ಬಂದ ಮೇಷ್ಟರು ಎರಡು ಸುರುಳಿಗಳನ್ನೂ ಅಂಗೈಯಲ್ಲಿಟ್ಟು ನೋಡಿ ನಕ್ಕರು. ನನ್ನ ಗೆಳೆಯ ಎಡಚ. ಅವನ ಸುರುಳಿ ಎಡಕ್ಕೆ ಸುತ್ತಿಕೊಂಡಿತ್ತು.

“ಸಾರ್, ಆ ತುದಿಯಿಂದ ನೋಡಿದರೆ ಬಲವಾಗುವುದಿಲ್ಲವೆ?” ಎಂದು ಅವನು ಕೇಳಿದ. “ಇಲ್ಲಪ್ಪ, ಸುರುಳಿಯನ್ನು ಯಾವ ತುದಿಯಿಂದ ನೋಡಿದರೂ ಅದರ ಮುರಿ ಅದೇ, ಬೇಕಾದರೆ ತಿರುಗಿಸಿ ನೋಡು. ಬದಲಾಗುವುದು ಅಲೆ ತಿರುಗುವ ದಿಕ್ಕು” ಎಂದು ಹೇಳಿ, ಗೂನ್‌ಹಿಲ್ಲಿಯ ಕಥೆಯನ್ನು ಮೇಷ್ಟರು ನಮಗೆ ಆಗಲೇ ಹೇಳಿದರು. ಗೆಳೆಯ ಹೊಸ ತಂತಿ ಸುತ್ತಲು ಎದ್ದ. ಅವರು ಬೇಡವೆಂದು ಸನ್ನೆ ಮಾಡಿ, ಅವನ ಊಟದ ಡಬ್ಬಿಯ ಚಪ್ಪಟೆ ಮುಚ್ಚಳವನ್ನು ತೆಗೆದುಕೊಂಡು ನನ್ನ ಸುರುಳಿಯ ಮುಂದೆ ಓರೆಯಾಗಿ ಹಿಡಿದರು. ಅವನ ಸುರುಳಿಯನ್ನು ಮುಚ್ಚಳದ ಕಡೆಗೆ ತಿರುಗಿಸುವಂತೆ ಹೇಳಿದರು. ಕನ್ನಡಿಯಲ್ಲಿ ನಮ್ಮ ಬಲಗೈ ಎಡಗೈಯಾಗಿ ಕಾಣುವಂತೆ, ಲೋಹಕ್ಕೆ ಬಡಿದು ಮರಳುವ ಅಲೆಯ ಮುರಿಯೂ ಬದಲಾಗುತ್ತದೆ. ಮುಚ್ಚಳ ಒಂದಿಷ್ಟು ಅತ್ತ ಇತ್ತ ಹೊರಳಿತು. ಮುಳ್ಳು ಮೆಲ್ಲನೆ ಮೇಲೆದ್ದಿತು.